ಮಣಿ, ತಂತಿ, ಬೆಲೆಚೀಟಿ

ಕೈಯಾರೆ ಮಾಡಿಕೊಂಡ ಓಲೆ ಹಾಕಿಕೊಂಡು ಮದುವೆಮನೆಗೋ ಆಫೀಸಿಗೋ ಹೋದರೆ ಹೊಗಳಿಕೆಗೆ ಈಗ ಒಂದೇ ಮಾತು ಉಳಿದಿದೆ: ‘ಎಷ್ಟು ಚೆನ್ನಾಗಿದೆ! ಇದನ್ನೇ ಮಾಡಿ ಮಾರಬಾರದಾ?’ ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಗಿರಾಕಿ ಸಿಗುತ್ತಾರೆ ಅನ್ನುವುದೇ ಒಂದು ವಸ್ತುವಿಗೆ ಸಲ್ಲುವ ದೊಡ್ಡ ಮರ್ಯಾದೆ ಎಂದು ನಾವೆಲ್ಲ ಒಪ್ಪಿಕೊಂಡು ಎಷ್ಟೋ ಕಾಲವಾಯಿತು. ನನ್ನ ತಕರಾರು ಇರುವುದು ಆ ಒಪ್ಪಿಗೆಯ ಬಗ್ಗೆಯೇ. ಹವ್ಯಾಸಕ್ಕೆಂದು ಮಾಡಿದ್ದನ್ನು ಮಾರಲೇಬೇಕೆ? ಮಾರದಿದ್ದರೆ ಅದಕ್ಕೆ ಕೊಟ್ಟ ಹೊತ್ತು ದಂಡವೆ?

ಮೊದಲು ಉಳಿತಾಯದ ಮಾತು ಮುಗಿಸಿಬಿಡೋಣ. ಮನೆಯಲ್ಲೇ ಮಾಡಿದರೆ ಅಗ್ಗ ಎನ್ನುವುದು ಉಪ್ಪಿನಕಾಯಿಯ ಮಟ್ಟಿಗೆ ನಿಜವಿರಬಹುದು, ಓಲೆಯ ಮಟ್ಟಿಗಲ್ಲ. ಇಕ್ಕಳಗಳು ಬೇಕು, ತಂತಿಯ ಸುರುಳಿ ಬೇಕು. ಪೇಟೆಯ ಅಂಗಡಿಗಳಲ್ಲಿ ಮಣಿ ಕೊಡುವುದು ಪ್ಯಾಕೆಟ್ಟಿನ ಲೆಕ್ಕದಲ್ಲಿ; ನಮಗೆ ಬೇಕಾದದ್ದು ಎರಡು, ಮನೆಗೆ ಬರುವುದು ನೂರು. ಉಳಿದ ತೊಂಬತ್ತೆಂಟಕ್ಕೆ ಹೊಂದುವ ಬಣ್ಣ ಹುಡುಕಿಕೊಂಡು ಮತ್ತೆ ಅದೇ ಅಂಗಡಿಗೆ ಹೋಗುತ್ತೇವೆ. ಈ ಚಟದಲ್ಲಿ ಯಾರೂ ದುಡ್ಡು ಉಳಿಸಿದ್ದನ್ನು ನಾನಂತೂ ಕಂಡಿಲ್ಲ.

ಹಾಗಾದರೆ ಸಿಗುವುದೇನು? ಒಂದು ಜೊತೆ ಓಲೆಯ ಕೆಲಸವನ್ನು ಹತ್ತಿರದಿಂದ ನೋಡಿ. ತಂತಿಯ ಗೇಜ್ ಸಂಖ್ಯೆ ಏರಿದಷ್ಟೂ ತಂತಿ ತೆಳ್ಳಗೆ. ಕಿವಿಗೆ ಹಾಕುವ ಕೊಕ್ಕೆಗೆ 20 ಗೇಜಿನದು, ಮಣಿ ಪೋಣಿಸಲು 24ರದು, ಮೇಜಿನ ಮೇಲಿಡುವ ಮಣಿಗಿಡದ ರೆಂಬೆ ಹೊಸೆಯಲು 28ರದು. ಮಣಿಯನ್ನು ತಂತಿಗೇರಿಸಿ, ಅದರ ನೆತ್ತಿಯ ಮೇಲೆ ಎರಡು ಮಿಲಿಮೀಟರಿನಷ್ಟು ಜಾಗ ಬಿಟ್ಟು ತಂತಿಯನ್ನು ಪಕ್ಕಕ್ಕೆ ಬಾಗಿಸಬೇಕು. ಗುಂಡುಮೂತಿಯ ಇಕ್ಕಳದ ಮೇಲೆ ಅದನ್ನು ತಿರುವಿ ಕುಣಿಕೆ ಮಾಡಿ, ಚಪ್ಪಟೆ ಮೂತಿಯ ಇಕ್ಕಳದಲ್ಲಿ ಆ ಕುಣಿಕೆಯನ್ನು ಬಿಗಿಹಿಡಿದು, ಉಳಿದ ತುದಿಯನ್ನು ಬಿಟ್ಟ ಜಾಗದಲ್ಲಿ ಎರಡು ಮೂರು ಸುತ್ತು ಸುತ್ತಿ ಕತ್ತರಿಸಬೇಕು. ಕತ್ತರಿಸಿದ ಮೊನೆಯನ್ನು ಒಳಕ್ಕೆ ಒತ್ತದಿದ್ದರೆ ಸೆರಗಿಗೆ ಸಿಕ್ಕಿ ಎಳೆ ಕೀಳುತ್ತದೆ. ಗುಂಡುಮೂತಿ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಎರಡನೆಯ ಓಲೆಗೂ ಇಕ್ಕಳದ ಅದೇ ಜಾಗದಲ್ಲಿ ತಿರುವದಿದ್ದರೆ ಕುಣಿಕೆ ಹೆಚ್ಚುಕಡಿಮೆಯಾಗಿ ಒಂದು ಓಲೆ ಕೆಳಗೆ ಇಳಿದಂತೆ ಕಾಣುತ್ತದೆ. ಅದಕ್ಕೇ ಬಲ್ಲವರು ಇಕ್ಕಳದ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದಿಟ್ಟುಕೊಳ್ಳುತ್ತಾರೆ. ಇನ್ನು ತಾಮ್ರ, ಬಾಗಿಸಿದಷ್ಟೂ ಗಡುಸಾಗುತ್ತದೆ. ಸರಿಬರಲಿಲ್ಲವೆಂದು ಬಿಚ್ಚಿ, ಬಾಗಿಸಿ, ಮತ್ತೆ ಬಿಚ್ಚಿದರೆ ಲಟಕ್ಕನೆ ಮುರಿಯುತ್ತದೆ. ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ ನಿಜ, ಆದರೆ ಗಾಜಿನ ಮಣಿಯ ಸಮೇತ ಅದನ್ನು ಒಲೆಗೆ ಹಿಡಿಯುವಂತಿಲ್ಲ. ಕೈ, ಕಣ್ಣು, ಲೋಹ ಮೂರನ್ನೂ ಹೊಂದಿಸಿಕೊಳ್ಳುವ ಈ ಹೊತ್ತಿನಲ್ಲಿ ಮೊಬೈಲು ಮುಟ್ಟಲು ಪುರುಸೊತ್ತಿರುವುದಿಲ್ಲ. ಎರಡು ಓಲೆ ಸರಿಜೋಡಿಯಾದಾಗ ಆಗುವ ಖುಷಿಗೆ ಗಿರಾಕಿಯ ಒಪ್ಪಿಗೆ ಬೇಕಿಲ್ಲ.

ಇಂಥ ಕೆಲಸ ನಮ್ಮ ಮನೆಗಳಿಗೆ ಹೊಸದೇನೂ ಅಲ್ಲ. ಗೌರಿ ಹಬ್ಬಕ್ಕೆ ಹತ್ತಿಯ ಗೆಜ್ಜೆವಸ್ತ್ರ, ಬಾಗಿಲಿಗೆ ಮಣಿಯ ತೋರಣ, ಮಾರ್ಕೆಟ್ಟಿಗೆ ಪ್ಲಾಸ್ಟಿಕ್ ವೈರಿನ ಬುಟ್ಟಿ. ಉತ್ತರ ಕರ್ನಾಟಕದ ಕೆಲವು ಮನೆಗಳಲ್ಲಿ ಸಂಕ್ರಾಂತಿಗೆ ಕೂಸಿಗೆ ಕುಸುರೆಳ್ಳಿನ ಸರ, ಬಳೆ, ಕಿರೀಟ ಮಾಡಿ ತೊಡಿಸುತ್ತಾರೆ. ಆ ಆಭರಣಗಳ ಆಯುಷ್ಯ ಒಂದು ಸಂಜೆ. ಇವನ್ನೆಲ್ಲ ಮಾರಬಾರದಾ ಎಂದು ಯಾರೂ ಕೇಳುತ್ತಿರಲಿಲ್ಲ. ಹಾಗಂತ ಆ ಕಾಲವನ್ನು ತೀರಾ ಹೊಗಳಬೇಕಾಗಿಯೂ ಇಲ್ಲ. ಯಾರೂ ಕೇಳದಿದ್ದುದಕ್ಕೆ ಒಂದು ಕಾರಣ, ಹೆಂಗಸರ ಹೊತ್ತಿಗೆ ಬೆಲೆಯೇ ಇಲ್ಲವೆಂದು ಎಲ್ಲರೂ ತಿಳಿದಿದ್ದುದು.

ಖುಷಿಗೆ ಮಾಡುವ ಕೆಲಸಕ್ಕೆ ಪ್ರತಿಫಲ ಸೇರಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರಾಂತ ಪ್ರಯೋಗವಿದೆ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ಪ್ರಕಟಿಸಿದ್ದು. ಅಮೆರಿಕದ ಸ್ಟ್ಯಾನ್‌ಫರ್ಡಿನ ಶಿಶುವಿಹಾರವೊಂದರಲ್ಲಿ, ತಾವಾಗಿಯೇ ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಬಿಡಿಸಿದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಏನೂ ಹೇಳದೆ, ಬಿಡಿಸಿದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನಗಳ ನಂತರ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮುಂದಿಟ್ಟು ನೋಡಿದಾಗ, ಬಹುಮಾನದ ಮಾತು ಕೇಳಿ ಬಿಡಿಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಅನಿರೀಕ್ಷಿತವಾಗಿ ಪಡೆದವರ ಆಸಕ್ತಿಗೆ ಏನೂ ಆಗಿರಲಿಲ್ಲ. ಮಕ್ಕಳ ಮೇಲಿನ ಪ್ರಯೋಗವನ್ನು ದೊಡ್ಡವರಿಗೆ ನೇರವಾಗಿ ಅನ್ವಯಿಸುವುದು ಸರಿಯಲ್ಲ, ರಿಬ್ಬನ್ನೂ ರೂಪಾಯಿಯೂ ಒಂದಲ್ಲ. ಆದರೂ ಅಂದುಕೊಳ್ಳದೆ ಬರುವ ಮೆಚ್ಚುಗೆಗೂ ಮುಂಗಡ ಹಿಡಿದು ಒಪ್ಪಿಕೊಂಡ ಆರ್ಡರಿಗೂ ವ್ಯತ್ಯಾಸವಿದೆ ಎನ್ನುವುದನ್ನು ಇದು ಚೆನ್ನಾಗಿ ಹಿಡಿದಿದೆ. ತಾಂಬೂಲದ ಜೊತೆ ಕೊಡಲು ಒಂದೇ ಬಣ್ಣದ ಐವತ್ತು ಜೊತೆ ಓಲೆ ಬೇಕು, ಶುಕ್ರವಾರದೊಳಗೆ ಬೇಕು ಎಂದು ಒಪ್ಪಿಕೊಂಡವರಿಗೆ ನಾನು ಹೇಳುವುದು ತಕ್ಷಣ ಅರ್ಥವಾಗುತ್ತದೆ. ಹತ್ತನೆಯ ಜೊತೆಯ ಹೊತ್ತಿಗೆ ಇಕ್ಕಳ ಹಿಡಿದ ಬೆರಳಿಗಿಂತ ಮನಸ್ಸಿಗೇ ಹೆಚ್ಚು ನೋವು.

ಮಾರಹೊರಟವರಿಗೆ ಇನ್ನೊಂದು ಪೆಟ್ಟೂ ಕಾದಿರುತ್ತದೆ. ನಾರ್ಟನ್, ಮೊಚೋನ್ ಮತ್ತು ಏರಿಯೆಲಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಗದ ಮಡಚಿ ಕೊಕ್ಕರೆ, ಕಪ್ಪೆ ಮಾಡಿದ ಹವ್ಯಾಸಿಗಳು ತಮ್ಮದಕ್ಕೆ ಪರಿಣತರು ಮಾಡಿದ್ದಕ್ಕೆ ಹತ್ತಿರಹತ್ತಿರದ ಬೆಲೆ ಕಟ್ಟಿದ್ದರು. ಬೇರೆಯವರ ಕಣ್ಣಿಗೆ ಅವು ಬರೀ ಮುದುರಿದ ಕಾಗದ. ನಮ್ಮ ಓಲೆಯನ್ನೂ ನಾವು ನೋಡುವುದು ಅದೇ ಮಮತೆಯಿಂದ. ಮನೆಯಲ್ಲಿದ್ದಷ್ಟು ಕಾಲ ಆ ಮಮತೆ ಚೆಂದ. ಅಂಗಡಿ ತೆರೆದ ದಿನ, ‘ಫುಟ್‌ಪಾತಿನಲ್ಲಿ ಇದಕ್ಕಿಂತ ಕಡಿಮೆಗೆ ಸಿಗುತ್ತದಲ್ಲ’ ಎಂಬ ಒಂದು ಮಾತಿಗೆ ಅದು ಉಳಿಯುವುದಿಲ್ಲ.

ಆದರೆ ಮಾರುವುದೇ ಕೆಟ್ಟದ್ದು ಅನ್ನುವ ವಾದಕ್ಕೆ ಚರಿತ್ರೆ ಒಪ್ಪುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ರಾತ್ರಿ ಕಾವಲಿನ ಝುಲು ಗಂಡಸರು ಹೊತ್ತು ಕಳೆಯಲು ಟೆಲಿಫೋನ್ ತಂತಿಯ ಬಣ್ಣಬಣ್ಣದ ತುಂಡುಗಳನ್ನು ತಮ್ಮ ಕೋಲುಗಳಿಗೆ ಹೆಣೆಯುತ್ತಿದ್ದರು. ಅದೇ ಹೆಣಿಗೆ ಬುಟ್ಟಿ, ತಟ್ಟೆಗಳಾಗಿ ಬೆಳೆದು ಇಂದು ದೇಶದೇಶಗಳಿಗೆ ಹೋಗುತ್ತಿದೆ. ನಮ್ಮಲ್ಲಿ ತಾಂಡಾಗಳ ಹೆಂಗಸರು ತಮಗಾಗಿ, ಮಕ್ಕಳ ಮದುವೆಗಾಗಿ ಕನ್ನಡಿ, ಕವಡೆ, ಮಣಿ ಕೂರಿಸಿ ಹೊಲಿಯುತ್ತಿದ್ದ ಲಂಬಾಣಿ ಕಸೂತಿ ಸಂಡೂರಿನಲ್ಲಿ ಎಷ್ಟೋ ಮನೆಗಳಿಗೆ ಸಂಪಾದನೆಯಾಗಿದೆ. ಗಂಡನ ಮುಂದೆ ಕೈಚಾಚದೆ ಖರ್ಚು ಮಾಡಬಲ್ಲ ನೂರು ರೂಪಾಯಿಗಾಗಿ ಒಬ್ಬ ಹೆಣ್ಣುಮಗಳು ಓಲೆ ಮಾರಿದರೆ, ಹವ್ಯಾಸದ ಪಾವಿತ್ರ್ಯ ಕೆಟ್ಟಿತೆಂದು ಅವಳಿಗೆ ಉಪದೇಶ ಮಾಡುವ ಹಕ್ಕು ನನಗಿಲ್ಲ. ಬೇಡವೆನ್ನುವ ಸೌಕರ್ಯ ಇರುವುದು ತಿಂಗಳ ಸಂಬಳ ಬರುವವರಿಗೆ.

ನಾನು ನಿಜವಾಗಿ ಒಪ್ಪದಿರುವುದು ಇವೆರಡರ ನಡುವಿನ ಒಂದು ದಾರಿಯನ್ನು. ‘ನನಗೇನು ಲಾಭ ಬೇಕಿಲ್ಲ, ಮಣಿ ತಂತಿಯ ಖರ್ಚು ಕೊಟ್ಟರೆ ಸಾಕು’ ಎನ್ನುವ ಉದಾರಿಗಳಿದ್ದಾರೆ. ಹೊಟ್ಟೆಪಾಡಿಗೆ ಓಲೆ ಕಟ್ಟುವವಳೂ ಅದೇ ಮೇಳದಲ್ಲಿ ನಾಲ್ಕು ಮೇಜು ಆಚೆ ಕೂತಿರುತ್ತಾಳೆ ಎನ್ನುವುದು ಇವರಿಗೆ ಹೊಳೆಯುವುದಿಲ್ಲ. ಕೂಲಿ ಬಿಟ್ಟುಕೊಟ್ಟ ಬೆಲೆ ಒಮ್ಮೆ ಗಿರಾಕಿಯ ಕಿವಿಗೆ ಬಿದ್ದರೆ, ಕೂಲಿ ಸೇರಿಸಿದ ಬೆಲೆ ಅವನಿಗೆ ದುಬಾರಿ ಎನ್ನಿಸತೊಡಗುತ್ತದೆ. ಕೈಕೆಲಸದ ಸರಕು ಮೊದಲೇ ಅಗ್ಗವಾಗಿದೆ. ಉತ್ತರ ಪ್ರದೇಶದ ಪುರ್ದಿಲ್‌ನಗರದಲ್ಲಿ ಗಾಜಿನ ಮಣಿ ಮಾಡುವವರು ದಿನವಿಡೀ ಕೂರುವುದು ಬೆಂಕಿಯೆದುರು. ಗುಜರಾತಿನ ಖಂಭಾತದಲ್ಲಿ ಅಕೀಕ್ ಕಲ್ಲನ್ನು ಸಾಣೆ ಹಿಡಿಯುವವರಿಗೆ ಅದರ ಧೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುವುದು ದಾಖಲಾದ ಸಂಗತಿ. ನಮ್ಮ ಹವ್ಯಾಸದ ಡಬ್ಬಿಗೆ ಮಣಿ ಬರುವುದು ಇಂಥ ಕೈಗಳನ್ನು ದಾಟಿಯೇ. ಆ ಕೊಂಡಿಯ ಕೊನೆಯಲ್ಲಿ ಕೂತು ದುಡಿಮೆಗೆ ಬೆಲೆಯೇ ಬೇಡ ಎನ್ನುವುದು ಔದಾರ್ಯವಲ್ಲ.

ಮಾರುವ ಮನಸ್ಸಿದ್ದರೆ ಧಾರಾಳವಾಗಿ ಮಾರಿ. ಮಣಿ, ತಂತಿ, ಕೂತ ಹೊತ್ತಿನ ಕೂಲಿ ಮೂರನ್ನೂ ಸೇರಿಸಿ ಬೆಲೆ ಹೇಳಿ. ಆ ಬೆಲೆಗೆ ಯಾರೂ ಕೊಳ್ಳದಿದ್ದರೆ ಇಳಿಸಬೇಡಿ, ಅಕ್ಕನ ಮಗಳ ಕಿವಿಗೆ ಹಾಕಿ ಕಳಿಸಿ.