ದೀಪ ಇಳಿಸುವ ಜಾಣತನ

“ಅಕ್ಕೋರ, ನಮ್ಮಣ್ಣ ಗಾಡಿ ಭಾಳ ಚಲೋ ಹೊಡೀತಾನ್ರಿ. ಹಾನಗಲ್ಲಿಂದ ಶಿಗ್ಗಾವಿಗೆ ಅರ್ಧ ತಾಸಿನ್ಯಾಗ ಬರ್ತಾನ್ರಿ!” ಎಂದು ಹುಡುಗನೊಬ್ಬ ತರಗತಿಯಲ್ಲಿ ಹೆಮ್ಮೆಪಟ್ಟ. ವೇಗ ಎಂಜಿನ್ನಿನ ಹೆಚ್ಚುಗಾರಿಕೆ; ಅದರಲ್ಲಿ ಅಣ್ಣನದೇನು?

ಅಪ್ಪನ ಅಂಬಾಸಿಡರ್ ಕಾರಿನಲ್ಲಿ ಸ್ಟೇರಿಂಗ್ ಹಿಡಿಯಲು ಕಲಿತವಳು ನಾನು. ಕಾರೆಂದರೆ ಇಂದಿಗೂ ಜೀವ. ಆದ್ದರಿಂದಲೇ ಇಂಥ ಮಾತಿಗೆ ಸಿಟ್ಟು ಬರುತ್ತದೆ. ಸುಗ್ಗಿಯಲ್ಲಿ ಹಿರೇಕೆರೂರ ಕಡೆ ಅರ್ಧ ರಸ್ತೆಗೆ ಗೋವಿನಜೋಳ ಹರವಿರುತ್ತಾರೆ. ಸವಣೂರ ದಾರಿಯಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರುಗಳು ಎದುರಾಗುತ್ತವೆ. ಅವರದು ತಪ್ಪಲ್ಲವೇ ಎನ್ನುವಿರಿ. ತಪ್ಪೇ. ಆದರೆ ಆ ತಪ್ಪಿಗೆ ಅವರು ಪ್ರಾಣವನ್ನೇ ತೆರಬೇಕೆ?

ಒಂದು ರಾತ್ರಿ ನಾನೂ ಎದುರಿಗೆ ಬಂದ ಸೈಕಲ್ಲಿಗೆ ದೀಪ ಇಳಿಸಲಿಲ್ಲ. ಸೈಕಲ್ಲಿಗೇನು ಡಿಮ್ ಮಾಡುವುದು ಎಂಬ ಸೊಕ್ಕು. ಕಣ್ಣು ಕುಕ್ಕಿ ಮುದುಕ ಗಟಾರಕ್ಕೆ ಬಿದ್ದ. ಓಡಿಹೋಗಿ ಎತ್ತಿದರೆ, ಬೈಯಬೇಕಾದವನು “ನಂದ ತಪ್ಪಾತ್ರೀ ಅವ್ವಾರ” ಎಂದ. ಬೈದಿದ್ದರೆ ಮರೆಯುತ್ತಿದ್ದೆನೇನೋ.

1988ರ ಮೋಟಾರು ವಾಹನ ಕಾಯ್ದೆಯಿದೆ. 2019ರ ತಿದ್ದುಪಡಿಯಲ್ಲಿ ಆಂಬುಲೆನ್ಸಿಗೆ ದಾರಿ ಬಿಡದವರಿಗೆ 10,000 ರೂಪಾಯಿ ದಂಡವೂ ಬಂತು. ಆದರೆ ಮುದುಕನ ಸೈಕಲ್ಲಿಗೆ ದೀಪ ಇಳಿಸಿದೆವೋ ಇಲ್ಲವೋ ಎಂದು ನೋಡಲು ಕತ್ತಲ ದಾರಿಯಲ್ಲಿ ಪೊಲೀಸರು ನಿಂತಿರುವುದಿಲ್ಲ. ಅಲ್ಲಿ ನಮಗೆ ನಾವೇ ಪೊಲೀಸರು.

ಹುಡುಗನಿಗೆ ಹೇಳಿದೆ: “ನಿಮ್ಮಣ್ಣ ಇವತ್ತ ಎಷ್ಟು ಮಂದಿಗೆ ದಾರಿ ಬಿಟ್ಟ, ಎಣಿಸಿಕೊಂಡು ಬಾ. ಚಲೋ ಹೊಡೀತಾನೋ ಇಲ್ಲೋ, ಆಮ್ಯಾಲೆ ಹೇಳ್ತೀನಿ.”