ಬಾಣಂತನಕ್ಕ ಹೋದ ತಾಯಿಗೂ ಒಂದು ದಿನ ಬೇಕು

ಈಗ ನಮ್ಮ ಪೈಕಿಯೊಳಗ ಮನಿಗೊಬ್ಬರು ಅನ್ನೋಹಂಗ ಹೊರದೇಶಕ್ಕ ಬಾಣಂತನ ಮಾಡ್ಲಿಕ್ಕೆ ಹೋಗಿ ಬಂದವರು ಇದ್ದಾರ. ಮೊದಲ ಅಮೆರಿಕಾ ಒಂದ ಇತ್ತು, ಈಗ ಜರ್ಮನಿ, ನೆದರ್‌ಲ್ಯಾಂಡ್ಸ್, ಐರ್ಲೆಂಡ್ ಅಂತ ಎಲ್ಲಾ ಕಡೆ ನಮ್ಮ ಮಕ್ಕಳು ಇದ್ದಾರ. ಬಂದವರನ್ನ "ಏನೇನ್ ನೋಡಿದ್ರಿ ವೈನಿ?" ಅಂತ ಕೇಳಿದ್ರ ಎರಡ ಥರದ ಉತ್ತರ ಬರತಾವು. ಒಂದು, "ಏನ್ ನೋಡೋದವಾ, ಕೂಸಿಗೆ ಎಣ್ಣಿ-ನೀರು, ಮಗಳಿಗೆ ಪಥ್ಯದ ಅಡಗಿ, ಸಂಜಿಮುಂದ ಸೂಪರ್ ಮಾರ್ಕೆಟ್. ಮೂರು ತಿಂಗಳು ಹೆಂಗ ಹೋತೋ ಗೊತ್ತಾಗ್ಲಿಲ್ಲ." ಇನ್ನೊಂದು, "ಅಳಿಯಂದ್ರು ಒಂದ ದಿನದಾಗ ಮೂರು ಊರು ತೋರಿಸಿದ್ರು, ಯಾವ್ಯಾವು ಅಂತ ಮಾತ್ರ ಕೇಳಬ್ಯಾಡ."

ಈ ಎರಡೂ ಉತ್ತರ ನನಗ ಸೇರಂಗಿಲ್ಲ. ನನ್ನ ಮಾತು ಇಷ್ಟ. ಅಲ್ಲಿ ಇರೋ ದಿನದಾಗ ಒಂದು ಪೂರ್ತಿ ದಿನ ತಾಯಿಗೆ ಅಂತ ತಗದಿಡಬೇಕು. ಆ ದಿನ ಒಂದ ಊರಿಗೆ ಹೋಗಬೇಕು, ಅದೂ ಹೊಳಿ ದಂಡಿ ಮ್ಯಾಲಿನ ಸಣ್ಣ ಊರಿಗೆ. ಮತ್ತ ಆ ದಿನದ ಪ್ಲ್ಯಾನ್ ಮಗಳೂ ಅಲ್ಲ, ಅಳಿಯಾನೂ ಅಲ್ಲ, ತಾಯಿನ ಕೂತು ಮಾಡಬೇಕು.

ವೀಸಾದ ಲೆಕ್ಕ ಎಲ್ಲಾರಿಗೂ ಗೊತ್ತದ. ಷೆಂಗೆನ್ ವೀಸಾ ಅಂದ್ರ 180 ದಿನದಾಗ 90 ದಿನ, ಇಳದ ದಿನ ಮತ್ತ ಹೊರಟ ದಿನ ಎರಡೂ ಅದರಾಗ ಬಂತು. 90 ದಿನದಾಗ ಒಂದ ದಿನ ಕೇಳೋದು ದೊಡ್ಡ ಬೇಡಿಕಿ ಏನಲ್ಲ. ಮೊಣಕಾಲು ಈಗ ಹಿಂಗ ಅವ, ಇನ್ನೈದು ವರ್ಷಕ್ಕ ಹೆಂಗಿರತಾವೋ! ಎರಡನೇ ಕೂಸಿಗೆ ಕರದ್ರೂ ಕರೀಬಹುದು, ಇಲ್ಲದಿದ್ರೂ ಇಲ್ಲ. "ಮುಂದಿನ ಸಲ ನೋಡೋಣಂತ" ಅನ್ನೋದು ನಮ್ಮ ವಯಸ್ಸಿನಾಗ ನಡಿಯೋ ಮಾತಲ್ಲ.

"ಬಾಣಂತಿನ್ನ ಬಿಟ್ಟು ತಿರಗಲಿಕ್ಕೆ ಹೋದ್ಲು ಅಂತ ಜನಾ ಆಡ್ಕೊಳ್ಳೂದಿಲ್ಲೇನು?" ಅಂತ ಕೇಳೋವ್ರು ಇದ್ದಾರ. ಆಡ್ಕೊಳ್ಳಲಿ. ಹದಿನೈದನೇ ದಿನಕ್ಕ ಹೋಗ್ರಿ ಅಂತ ನಾನೂ ಹೇಳೂದಿಲ್ಲ. ನಲವತ್ತು ದಿನ ಮುಗದು, ಮಗಳು ತಾನ ಎದ್ದು ಕೂಸಿನ್ನ ಎತ್ಕೊಳ್ಳೋಹಂಗ ಆದಮ್ಯಾಲಿನ ಮಾತಿದು. ಜರ್ಮನಿಯೊಳಗ ಹೆರಿಗಿ ಆದಮ್ಯಾಲೆ ಸೂಲಗಿತ್ತಿ ಮನಿಗೆ ಬಂದು ಬಾಣಂತಿನ್ನ, ಕೂಸಿನ್ನ ನೋಡಿ ಹೋಗತಾಳ. ಹೆಬಾಮೆ ಅಂತಾರ ಆಕಿಗೆ, ಅದರ ಖರ್ಚು ಸರಕಾರಿ ವಿಮಾದಾಗ ಬರತದ. ಕೂಸಿನ ಅಪ್ಪಗೂ ರಜಾ ತಗೊಳ್ಳೋ ಹಕ್ಕದ. ಒಂದು ದಿನ ಅಂವಾ ಅನ್ನಾ ಸಾರು ಮಾಡಿ, ಕೂಸಿನ ಬಟ್ಟಿ ಬದಲಿ ಮಾಡ್ಲಿ. ನಾವು ತಿರುಗಿ ಬಂದಮ್ಯಾಲೆ ಅವರ ಮಾಡ್ಕೋಬೇಕಲ್ಲ, ನಾವಿದ್ದಾಗ ಒಂದು ದಿನ ರೂಢಿ ಆದ್ರ ಅವರಿಗೂ ಚಲೋ.

ಸಣ್ಣ ಊರ ಯಾಕ? ದೊಡ್ಡ ಊರಿಗೆ ಹೋದ್ರ ಅರ್ಧಾ ದಿನ ಮೆಟ್ರೋ ಹತ್ತಿ ಇಳಿಯೋದ್ರಾಗ ಹೋಗತದ. ಮ್ಯೂಸಿಯಂ ಒಳಗ ಹೊಕ್ಕರ ಹೊರಗ ಬರೋ ಬಾಗಲಾ ಸಿಗಂಗಿಲ್ಲ. ಹೊಳಿ ದಂಡಿ ಊರಿಗೆ ನಕಾಶೆ ಬ್ಯಾಡ, ಹೊಳಿನ ನಕಾಶೆ. ನಾನು ಹೋದ ವರ್ಷ ಮೈಂಜ್‌ನ್ಯಾಗ ಮಗಳ ಮನಿಯೊಳಗ ಇದ್ದಾಗ ಹೋಗಿ ಬಂದದ್ದು ಕೊಖೆಮ್ ಅನ್ನೋ ಊರಿಗೆ. ಮೋಜೆಲ್ ಹೊಳಿ ಮ್ಯಾಲದ. ಈ ಹೊಳಿ ಫ್ರಾನ್ಸಿನಾಗ ಹುಟ್ಟಿ, ಲಕ್ಸೆಂಬರ್ಗ್ ಗಡಿ ಹಿಡದು ಬಂದು, ಕೊಬ್ಲೆಂಜ್ ಅನ್ನೋ ಊರಾಗ ರೈನ್ ಹೊಳಿಗೆ ಕೂಡತದ. ಕೊಖೆಮ್ ಸ್ಟೇಷನ್ನಿನಾಗ ಇಳದು ಹೊಳಿ ಎಡಕ್ಕ ಇಟಗೊಂಡು ಹತ್ತು ನಿಮಿಷ ನಡದ್ರ ಊರ ನಡುವ ಬಂತು. ತಿರುಗಿ ಬರುವಾಗ ಹೊಳಿ ಬಲಕ್ಕ. ಓದಲಿಕ್ಕೆ ಬರದ ಭಾಷಾ ಇದ್ರೂ ದಾರಿ ತಪ್ಪಂಗಿಲ್ಲ.

ನನ್ನ ಜೋಡಿ ಬಂದವರು ಮಗಳ ಬಿಲ್ಡಿಂಗಿನ ತೆಲುಗು ತಾಯಿ, ಅವರೂ ಮೊಮ್ಮಗನ ಸಲುವಾಗಿ ಬಂದವರ. ಆಕಿ ಕನ್ನಡ ಬರಂಗಿಲ್ಲ, ನನಗ ತೆಲುಗು ಬರಂಗಿಲ್ಲ, ಇಬ್ಬರಿಗೂ ಹಿಂದಿ ಅರ್ಧಂಬರ್ಧ. ಒಂದು ತೊಂದರೆ ಆಗ್ಲಿಲ್ಲ. ಅದಕ್ಕ ಹೇಳ್ತೀನಿ, ಜೋಡಿಗೆ ಇನ್ನೊಬ್ಬ ತಾಯಿನ್ನ ಕರಕೊಂಡು ಹೋಗ್ರಿ. ಮಕ್ಕಳ ಜೋಡಿ ಹೋದ್ರ ಅವರ ನಡಿಗಿ, ಅವರ ಫೋಟೋ. ನಮ್ಮ ಸರೀಕರ ಜೋಡಿ ಹೋದ್ರ ಕೂಡೋ ಹೊತ್ತಿಗೆ ಕೂಡ್ತೀವಿ.

ಇನ್ನ ಪ್ಲ್ಯಾನ್ ಮಾಡೋ ಕ್ರಮ. ನಮ್ಮ ಮಕ್ಕಳು "ನೋಡೋ ಜಾಗಾ" ಅಂತ ಹನ್ನೆರಡು ಹೆಸರು ಬರದು ಅಲ್ಲಿಂದ ಶುರು ಮಾಡತಾರ. ಅದು ಉಲ್ಟಾ. ಒಂದು ಹಾಳಿ ತಗೊಂಡು ಕೆಳಗಿನಿಂದ ಮ್ಯಾಲೆ ಬರಕೋತ ಹೋಗ್ರಿ. ಎಲ್ಲಾಕ್ಕಿಂತ ಕೆಳಗ ತಿರುಗಿ ಬರೋ ರೈಲು. ಅದರ ಹಿಂದ ಇನ್ನೊಂದು ರೈಲು ಇರಬೇಕು, ಒಂದು ತಪ್ಪಿದ್ರ ಇನ್ನೊಂದು. ಜರ್ಮನಿ ರೈಲು ಅಂದ್ರ ಗಡಿಯಾರ ಇದ್ದಂಗ ಅಂತ ಕೇಳಿದ ಕಾಲ ಹೋತು, ಈಗ ತಡಾ ಆಗತಾವು. ಅದರ ಮ್ಯಾಲೆ ಊಟದ ಹೊತ್ತು. ಅದರ ಮ್ಯಾಲೆ ಕೂತು ದಣಿವು ಆರಿಸ್ಕೊಳ್ಳೋ ಹೊತ್ತು. ಉಳದ ಜಾಗಾದಾಗ ನೋಡೋದು, ಮೂರಕ್ಕಿಂತ ಹೆಚ್ಚಿಗೆ ಬರಿಯೋದು ಬ್ಯಾಡ.

ತಿಕೀಟಿನ ಮಾತು ಹೇಳಬೇಕು. ಮೈಂಜ್, ಕೊಬ್ಲೆಂಜ್, ಕೊಖೆಮ್ ಎಲ್ಲಾ ರೈನ್‌ಲ್ಯಾಂಡ್-ಫಾಲ್ಜ್ ಅನ್ನೋ ಒಂದ ರಾಜ್ಯದಾಗ ಬರತಾವು. ಆ ರಾಜ್ಯದ್ದು ಒಂದು ದಿನದ ತಿಕೀಟು ಅದ, ಒಬ್ಬರಿಂದ ಐದು ಮಂದಿ ತನಕಾ ಒಂದ ತಿಕೀಟಿನ ಮ್ಯಾಲೆ ಹೋಗಬಹುದು. ವಾರದ ದಿನ ಮುಂಜಾನೆ 9ರ ನಂತರ ನಡೀತದ, ಶನಿವಾರ-ರವಿವಾರ ಮುಂಜಾನಿಂದನ ನಡೀತದ. ಆದ್ರ ನೆನಪಿಡ್ರಿ, ಸಾದಾ ರೈಲಿಗೆ ಅಷ್ಟ, ಜೋರಾಗಿ ಓಡೋ ಐಸಿಇ ಗಾಡಿಗೆ ನಡಿಯಂಗಿಲ್ಲ. ಕೊಬ್ಲೆಂಜ್‌ನ್ಯಾಗ ಗಾಡಿ ಬದಲಿ ಮಾಡಬೇಕು. ಸಾದಾ ಗಾಡಿಯಿಂದ ನಷ್ಟ ಏನಿಲ್ಲ, ದಾರಿನ ಅರ್ಧಾ ಪ್ರವಾಸ. ಕೊಬ್ಲೆಂಜ್ ತನಕಾ ಬಲಗಡೆ ಕಿಡಕಿ ಹಿಡೀರಿ, ರೈನ್ ಹೊಳಿ ಮತ್ತ ಗುಡ್ಡದ ಮ್ಯಾಲಿನ ಕ್ವಾಟೆ ಕಾಣತಾವು. ಅಲ್ಲಿಂದ ಮುಂದ ಎಡಗಡೆ ಕಿಡಕಿ, ಮೋಜೆಲ್ ಕಾಣತದ. ರೈಲಿನಾಗಿನ ಪಾಯಖಾನಿಗೆ ರೊಕ್ಕಾ ಇಲ್ಲ, ಇಳಿಯೋಕಿಂತ ಮೊದಲ ಹೋಗಿ ಬರ್ರಿ. ಊರಾಗ ಬೇಕಾದ್ರ ಚಿಲ್ಲರೆ ನಾಣ್ಯ ಸೆರಗಿನಾಗ ಕಟಗೊಳ್ರಿ.

ಊಟಾ. ಹೋಟೆಲಿನಾಗ ಬಟಾಟಿ ಕರದದ್ದು ಕಂಡ್ರ ಶಾಕಾಹಾರಿ ಅಂತ ತಿಳೀಬ್ಯಾಡ್ರಿ, ಅದರಾಗ ಹಂದಿ ಮಾಂಸದ ಸಣ್ಣ ತುಂಡು ಹಾಕಿರತಾರ. ಅದಕ್ಕ ಸ್ಪೆಕ್ ಅಂತಾರ. ಫ್ಲಾಮ್‌ಕೂಕೆನ್ ಅಂತ ತೆಳ್ಳಗಿನ ರೊಟ್ಟಿ ಇರತದ, ಅದರ ಮ್ಯಾಲೂ ಅದ. "ಓನೆ ಸ್ಪೆಕ್, ಓನೆ ಫ್ಲೈಶ್" ಅಂದ್ರ ಸ್ಪೆಕ್ ಬ್ಯಾಡ, ಮಾಂಸ ಬ್ಯಾಡ ಅಂತ. ತತ್ತಿ ಬ್ಯಾಡಂದ್ರ "ಓನೆ ಆಯ್". ಈ ಮೂರು ಮಾತು ಬಾಯಿಪಾಠ ಮಾಡ್ರಿ. ನನ್ನ ಅಭಿಪ್ರಾಯ ಕೇಳಿದ್ರ ಚಪಾತಿ, ಶೇಂಗಾ ಚಟ್ನಿಪುಡಿ, ಡಬ್ಬಿಯೊಳಗ ಮೊಸರನ್ನ ಒಯ್ಯೋದ ಚಲೋ. ಹೊಳಿ ದಂಡಿಗೆ ಬಾಕು ಹಾಕ್ಯಾರ, ಅಲ್ಲಿ ಕೂತು ಉಣ್ರಿ, ಯಾರೂ ಏನೂ ಅನ್ನಂಗಿಲ್ಲ. ಆಮ್ಯಾಲೆ ಹೋಟೆಲಿಗೆ ಹೋಗಿ ಕಾಫಿ ಕುಡೀರಿ. ನೀರು ಕೇಳೂವಾಗ "ಸ್ಟಿಲ್" ಅನ್ರಿ, ಇಲ್ಲಂದ್ರ ಸೋಡಾ ತಂದಿಡತಾರ.

ನೋಡೋದು ಏನು? ಕೊಖೆಮ್‌ನ್ಯಾಗ ಎಲ್ಲಾರೂ ಮೊದಲ ಓಡೋದು ಕ್ವಾಟೆಗೆ, ರೈಖ್ಸ್‌ಬುರ್ಗ್ ಅಂತ. ಹೊಳಿಯಿಂದ ನೂರು ಮೀಟರಿಗೂ ಮ್ಯಾಲದ, ಏರು ಭಾಳ ಕಡಿದು, ಕಲ್ಲಿನ ದಾರಿ. ಇದರ ಕಥಿ ಕೇಳ್ರಿ. ಹಳೇ ಕ್ವಾಟೆನ್ನ 1689ರಾಗ ಫ್ರೆಂಚ್ ಸೈನ್ಯ ಹಾಳು ಮಾಡಿತು. ಇನ್ನೂರು ವರ್ಷದ ಹತ್ತರ ಹತ್ತರ ಹಂಗ ಬಿದ್ದಿತ್ತು. 1868ರಾಗ ಬರ್ಲಿನ್ನಿನ ಲೂಯಿ ರಾವೆನೇ ಅನ್ನೋ ಸಾಹುಕಾರ ಅದನ್ನ ಕೊಂಡು, ಬ್ಯಾಸಗಿಗೆ ಬಂದು ಇರಲಿಕ್ಕಂತ ತಿರುಗಿ ಕಟ್ಟಿಸಿದ. ಅಂದ್ರ ಈಗ ಕಾಣೋ ಚೂಪು ಗೋಪುರ ಎಲ್ಲಾ ಸುಮಾರು ನೂರಾಐವತ್ತು ವರ್ಷದ್ದು. ಒಳಗ ನೋಡಬೇಕಂದ್ರ ಗೈಡ್ ಜೋಡಿನ ಹೋಗಬೇಕು, ಸುಮಾರು 40 ನಿಮಿಷ ನಿಂತ ಇರಬೇಕು. ಸೀಜನ್ನಿನಾಗ ಊರಿಂದ ಮ್ಯಾಲೆ ಸಣ್ಣ ಬಸ್ ಹೋಗತದ. ಮೊಣಕಾಲು ಒಪ್ಪಿದ್ರ ಹೋಗ್ರಿ. ಒಪ್ಪದಿದ್ರ ಮನಸ್ಸಿಗೆ ಹಚ್ಕೋಬ್ಯಾಡ್ರಿ. ಸೇತುವೆ ದಾಟಿ ಆಚಿ ದಂಡಿಗೆ ನಿಂತ್ರ ಕ್ವಾಟೆ, ಊರು, ಹೊಳಿ ಮೂರೂ ಒಟ್ಟಿಗೆ ಕಾಣತಾವು. ಕ್ವಾಟೆ ಒಳಗ ನಿಂತವರಿಗೆ ಕ್ವಾಟೆ ಕಾಣಂಗಿಲ್ಲ.

ನಮ್ಮಂಥವರಿಗೆ ಅಲ್ಲಿ ಕ್ವಾಟೆಕಿಂತ ಹೆಚ್ಚಿನವು ಬ್ಯಾರೆ ಅವ. ಒಂದು ದ್ರಾಕ್ಷಿ ತ್ವಾಟ. ನಮ್ಮ ವಿಜಾಪುರದ ಕಡೆ ದ್ರಾಕ್ಷಿ ಬಳ್ಳಿನ್ನ ಹಂದರಕ್ಕ ಹಬ್ಬಿಸ್ತಾರ. ಇಲ್ಲಿ ಹಂದರ ಹಾಕಲಿಕ್ಕೆ ಸಪಾಟು ಜಾಗಾ ಎಲ್ಲದ? ಗ್ವಾಡಿ ಹಂಗ ನಿಂತ ಗುಡ್ಡ, ತುಂಡು ತುಂಡು ಕಪ್ಪು ಕಲ್ಲು. ಹಳೇ ಪದ್ಧತಿಯೊಳಗ ಒಂದೊಂದು ಬಳ್ಳಿಗೆ ಒಂದೊಂದು ಗೂಟಾ. ಬಿಸಲಿಗೆ ಕಾದ ಕಲ್ಲು ರಾತ್ರಿ ತನಕಾ ಬೆಚ್ಚಗಿದ್ದು ಬಳ್ಳಿ ಕಾಯತದ. ಅಲ್ಲಿ ದುಡಿಯೋ ಮಂದಿ ಕಾಲು ಹೆಂಗಿರಬೇಕು ಅಂತ ನನಗ ಅನಿಸ್ತು.

ಎರಡನೇದು ಸಾಸಿವಿ ಗಿರಣಿ. ಕಲ್ಲಿನಾಗ ಸಾಸಿವಿ ಅರಿಯೋ ಹಳೇ ಪದ್ಧತಿ ಇಟಗೊಂಡಾರ. ನಾವು ಒಗ್ಗರಣಿಗೆ ಸಿಡಿಸಿ ಮುಗಿಸ್ತೀವಿ, ಉಪ್ಪಿನಕಾಯಿಗೆ ಪುಡಿ ಮಾಡ್ತೀವಿ. ಅವರು ಹುಳಿ ಹಾಕಿ ಹಸೇನ ಅರದು ಬಾಟಲಿ ತುಂಬತಾರ, ಮೂಗಿಗೆ ಏರೋ ಖಾರ ಮಾತ್ರ ಅದ. ಊರಿಗೆ ತರಲಿಕ್ಕೆ ಇದಕ್ಕಿಂತ ಚಲೋ ವಸ್ತು ಇಲ್ಲ.

ಮೂರನೇದು ಗ್ವಾಡಿ ಮ್ಯಾಲಿನ ಗೆರಿ. ಹೊಳಿ ಬಂದಾಗ ನೀರು ಎಲ್ಲಿ ತನಕಾ ಏರಿತ್ತು ಅಂತ ವರ್ಷ ಬರದು ಗುರುತು ಮಾಡ್ಯಾರ. 1993ರ ಡಿಸೆಂಬರಿನಾಗ ದೊಡ್ಡ ಪೂರ ಬಂದಿತ್ತು. ಅದನ್ನ ನೋಡಿ ನನಗ 2019ರಾಗ ಮಲಪ್ರಭಾ ಬಂದದ್ದು ಕಣ್ಣಮುಂದ ಬಂತು. ನಮ್ಮ ಊರುಗಳಾಗ ನೀರು ಇಳದಮ್ಯಾಲೆ ಸುಣ್ಣಾ ಬಳದು ಮರತ ಬಿಡ್ತೀವಿ. ಅವರು ಗೆರಿ ಹಾಕಿ ನೆನಪಿಟ್ಟಾರ. ಇದನ್ನ ಕಾರಿನ್ಯಾಗಿಂದ ನೋಡಲಿಕ್ಕೆ ಆಗಂಗಿಲ್ಲ, ನಡದ ನೋಡಬೇಕು.

ಹೊತ್ತು ಉಳದ್ರ ಹೊಳಿಯೊಳಗ ಒಂದು ತಾಸಿನ ಹಡಗು ಹತ್ರಿ. ಥಂಡಿಗಾಲದಾಗ ಇವು ಭಾಳಷ್ಟು ನಿಂತಿರತಾವು, ಮೊದಲ ಕೇಳಕೊಳ್ರಿ. ರವಿವಾರ ಅಂಗಡಿ ಮುಚ್ಚೋ ದೇಶ ಅದು, ಪ್ರವಾಸಿಗರ ಊರಾದ್ರಿಂದ ಕೆಲವು ತಗದಿರತಾವು. ವಾರದ ನಡುವ ಹೋದ್ರ ಗದ್ದಲ ಕಡಿಮಿ. ಕಲ್ಲು ಹಾಸಿದ ಓಣಿ, ಸೀರಿ ಉಟ್ರೂ ಅಡ್ಡಿ ಇಲ್ಲ, ಕಾಲಾಗ ಮಾತ್ರ ಬೂಟು ಇರಲಿ.

"ಅಷ್ಟು ದೂರ ಹೋಗಿ ಒಂದ ಊರ? ಪಕ್ಕದಾಗ ಇನ್ನೆರಡು ಅವಲ್ಲ" ಅಂತ ಅಳಿಯಾ ಅಂದ್ರ ಒಪ್ಪಬ್ಯಾಡ್ರಿ. ಇರಲಿ ಅವು. ನಾಲ್ಕು ಊರ ಹೆಸರು ಹೇಳೋಕಿಂತ ಒಂದು ಊರಿನ ಓಣಿ ನೆನಪಿರೋದು ದೊಡ್ಡದು.

ಮತ್ತ ಹೆಣ್ಣಮಕ್ಕಳಾ, ಇದನ್ನ ನೀವೂ ಓದ್ರಿ. "ನನಗೇನ್ ಬ್ಯಾಡವಾ, ಕೂಸಿನ್ನ ನೋಡಿದ್ರ ಸಾಕು" ಅಂತ ಅವ್ವ ಅಂದೇ ಅಂತಾಳ. ಹುಟ್ಟಿದಾಗಿಂದ ಆಕಿಗೆ ರೂಢಿ ಆದ ಮಾತದು. ಅದನ್ನ ಕೇಳಿ ಸುಮ್ಮನಾಗಬ್ಯಾಡ್ರಿ. ಒಂದು ಹಾಳಿ, ಒಂದು ಪೆನ್ ಕೊಟ್ಟು, ರೈಲಿನ ಟೈಮ್ ಹೆಂಗ ನೋಡಬೇಕು ಅಂತ ಫೋನಿನಾಗ ತೋರಿಸ್ರಿ. ಉಳದದ್ದು ಆಕಿ ನೋಡಕೋತಾಳ. ಇಷ್ಟು ವರ್ಷ ಮದುವಿ-ಮುಂಜಿವಿಗೆ ನೂರು ಮಂದಿ ಊಟದ ಲೆಕ್ಕಾ ಹಾಕಿದಾಕಿಗೆ ಒಂದು ದಿನದ ಲೆಕ್ಕಾ ಬರಂಗಿಲ್ಲೇನು?