ಹೆಸರೇ ಮದ್ದಾಗಿರುವ ವ್ಯಾಧಿ

ಪುಷ್ಯ ಮಾಘಗಳ ದಿನಗಳಲ್ಲಿ ಆಲ್ದೂರಿನ ಸುತ್ತಣ ಕಾಫಿಯ ಸೀಮೆಯಲ್ಲಿ ಸಂಚರಿಸಿದವರು ಅಲ್ಲಿಯ ಬಾಳುವೆ ನೆರಳು ಬಿಸಿಲುಗಳೆಂಬ ಎರಡು ರಾಜ್ಯಗಳ ನಡುವೆ ಹಂಚಿಹೋಗಿರುವುದನ್ನು ಗಮನಿಸಿರಬಹುದು. ಹಣ್ಣು ಕುಯ್ಯುವ ತೋಟ ನೆರಳಿನ ರಾಜ್ಯ. ಸಿಲ್ವರ್ ಓಕು, ಹಲಸು, ಅತ್ತಿ, ಬಸರಿಗಳ ಕೊಂಬೆಗಳು ಮೇಲೆ ಚಪ್ಪರ ಹಾಸಿ, ಕಾಫಿಗಿಡಕ್ಕೆ ಎಷ್ಟು ಬೆಳಕು ಸಲ್ಲಬೇಕೋ ಅಷ್ಟನ್ನೇ ಸೋಸಿ ಕೆಳಗಿಳಿಸುತ್ತವೆ. ಕುಯ್ದ ಹಣ್ಣನ್ನು ಹರಡಿ ಒಣಗಿಸುವ ಕಣವಾದರೋ ಬಿಸಿಲಿನ ರಾಜ್ಯ. ಅಲ್ಲಿ ಮರದ ನೆರಳು ಬಿದ್ದರೆ ಅದೇ ಒಂದು ದೋಷ. ಬೆಟ್ಟದ ತಂಗಾಳಿ ಬೀಸುತ್ತಿರುವ ಕಾರಣ ಕಣದಲ್ಲಿ ನಿಂತವನಿಗೆ ಬಿಸಿಲಿನ ತೀಕ್ಷ್ಣತೆ ಅರಿವಿಗೆ ಬರುವುದಿಲ್ಲ. ಆದರೆ ಸಮುದ್ರಮಟ್ಟದಿಂದ ಸಾವಿರ ಮೀಟರು ಮೇಲೇರಿದಲ್ಲಿ ಅತಿನೇರಳೆ ಕಿರಣಗಳ ಪ್ರಮಾಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಮತ್ತು ಗಾಳಿಯ ತಂಪಿಗೆ ಆ ಕಿರಣಗಳು ಕಿಂಚಿತ್ತೂ ಮಣಿಯವು.

ಇಂಥ ಒಂದು ಕಣದಲ್ಲಿ, ಕೆಲವು ವರ್ಷಗಳ ಹಿಂದೆ, ಹಿತೈಷಿಗಳ ಮಾತು ಕೇಳಿ ನಾನು ಸನ್‌ಸ್ಕ್ರೀನ್ ಎಂಬ ಬಿಸಿಲುತಡೆಯ ಲೇಪವನ್ನು ಮುಖಕ್ಕೂ ಕುತ್ತಿಗೆಗೂ ಹಚ್ಚಿಕೊಳ್ಳತೊಡಗಿದೆ. ಮೂರನೆಯ ವಾರದಲ್ಲಿ ಕಣ್ಣಿನ ರೆಪ್ಪೆಗಳು ಬಾತವು; ಕುತ್ತಿಗೆಯ ಸುತ್ತ ಕೆಂಪು ಗಂಧೆಗಳೆದ್ದವು; ರಾತ್ರಿ ನಿದ್ರೆಯೆಂಬುದು ತುರಿಕೆಯ ಎರಡು ಅಂಕಗಳ ನಡುವಣ ವಿಷ್ಕಂಭವಾಯಿತು. ಮಲೆನಾಡಿನ ಮನೆಗಳಲ್ಲಿ ಚರ್ಮದ ಯಾವ ಉಪದ್ರವಕ್ಕೂ ಸಿದ್ಧವಾಗಿರುವ ನಿದಾನ ಒಂದೇ: ನಂಜು. ಮೊದಲು ಬದನೆಕಾಯಿ ಹೋಯಿತು, ಅನಂತರ ಒಣಮೀನು ಹೋಯಿತು, ಕೊನೆಗೆ ಪಾಪದ ಹಲಸಿನಹಣ್ಣಿಗೂ ಮುಂಗಡವಾಗಿಯೇ ಬಹಿಷ್ಕಾರ ಬಿತ್ತು. ಆದರೂ ಗುಣ ಕಾಣದಿರಲು, ಇದು ಬಿಸಿಲಿನ ತಾಪವೇ ಸರಿಯೆಂದು ನಿಶ್ಚಯಿಸಿ, ಲೇಪವನ್ನು ದಿನಕ್ಕೆ ಎರಡು ಸಲ ಹಚ್ಚುವುದಕ್ಕೆ ತೊಡಗಿದೆ. ಉರಿಯುವ ಮನೆಗೆ ನೀರೆಂದು ತಿಳಿದು ಎಣ್ಣೆಯನ್ನೇ ಸುರಿಯುತ್ತಿದ್ದೆನೆಂಬುದು ತಿಳಿದುಬರುವ ವೇಳೆಗೆ ಎರಡು ತಿಂಗಳು ಕಳೆದಿದ್ದವು.

ಇದರಲ್ಲಿ ನನ್ನ ಮಂದಮತಿಯ ಪಾಲೆಷ್ಟೋ ವ್ಯಾಧಿಯ ಸ್ವಭಾವದ ಪಾಲೂ ಅಷ್ಟೇ ಇದೆ. ಚೇಳು ಕುಟುಕಿದರೆ ಆ ಕ್ಷಣವೇ ಉರಿ. ಅಪರಾಧಿ ಯಾರೆಂಬುದಕ್ಕೆ ವಿಚಾರಣೆ ಬೇಡ. ಸ್ಪರ್ಶಜನ್ಯವಾದ ಈ ಅಲರ್ಜಿಯಾದರೋ ದೇಹದ ರಕ್ಷಕ ಕಣಗಳು ಒಂದು ದ್ರವ್ಯವನ್ನು ಶತ್ರುವೆಂದು ನೆನಪಿಟ್ಟುಕೊಂಡು, ಅದು ಮತ್ತೆ ತಗುಲಿದ ಮೇಲೆ ಒಂದೆರಡು ದಿನಗಳ ತರುವಾಯ ನಿಧಾನವಾಗಿ ದಂಡೆತ್ತುವ ಬಗೆಯದು. ಹತ್ತು ವರ್ಷ ನಿರುಪದ್ರವವಾಗಿ ಬಳಸಿದ ವಸ್ತುವೇ ಹನ್ನೊಂದನೆಯ ವರ್ಷದಲ್ಲಿ ಆಗಿಬರದೆ ಹೋಗುವುದುಂಟು. ಸೋಮವಾರ ಹಚ್ಚಿದ್ದರ ಫಲ ಬುಧವಾರ ಕಂಡರೆ, ಮಂಗಳವಾರ ಉಂಡ ಬದನೆಕಾಯಿಯ ತಲೆಗೆ ಅಪವಾದ ಬರುವುದು ಸಹಜವೇ. ಬೆಳಕಿನ ಅಲರ್ಜಿಯೆಂಬ ಇನ್ನೊಂದು ಪ್ರಭೇದದಲ್ಲಿ ತೊಡಕು ಮತ್ತಷ್ಟು ಬಿಗಿಯಾಗುತ್ತದೆ: ಲೇಪದಲ್ಲಿರುವ ದ್ರವ್ಯ ತಾನಾಗಿ ಸುಮ್ಮನಿರುತ್ತದೆ, ಬಿಸಿಲು ಬಿದ್ದಾಗ ಮಾತ್ರ ರೂಪಾಂತರ ಹೊಂದಿ ಚರ್ಮವನ್ನು ಕೆರಳಿಸುತ್ತದೆ. ಬಿಸಿಲನ್ನು ತಡೆಯಲೆಂದು ತಂದದ್ದು ಬಿಸಿಲಿನೊಡನೆಯೇ ಒಳಸಂಚು ಹೂಡುವ ಈ ವಿಪರ್ಯಾಸವನ್ನು ಯಾವ ಗೃಹಿಣಿ, ಯಾವ ರೈತ ತಾನೇ ಊಹಿಸಬಲ್ಲನು?

ಬಿಸಿಲುತಡೆಯ ದ್ರವ್ಯಗಳಲ್ಲಿ ಇಂಥ ಅಪಖ್ಯಾತಿ ಹೊತ್ತವು ಕೆಲವುಂಟು. ಪಾಬಾ ಎಂಬ ಹಳೆಯ ದ್ರವ್ಯ ಈ ಕಾರಣಕ್ಕಾಗಿ ಬಹುಮಟ್ಟಿಗೆ ಬಳಕೆಯಿಂದ ಬಿದ್ದುಹೋಯಿತು. ಆಕ್ಸಿಬೆನ್‌ಜೋನ್ ಮೊದಲಾದ ಬೆನ್‌ಜೋಫಿನೋನ್ ವರ್ಗವನ್ನು ಅಮೆರಿಕದ ಸ್ಪರ್ಶಚರ್ಮರೋಗ ತಜ್ಞರ ಸಂಘವು 2014ರಲ್ಲಿ ‘ವರ್ಷದ ಅಲರ್ಜಿಕಾರಕ’ವೆಂದು ಹೆಸರಿಸಿತು. ಆಕ್ಟೋಕ್ರಿಲೀನ್ ಎಂಬುದು ಕೀಟೊಪ್ರೊಫೆನ್ ಎಂಬ ನೋವಿನ ಲೇಪಕ್ಕೆ ಒಗ್ಗದವರಲ್ಲಿ ವಿಶೇಷವಾಗಿ ಕೆರಳುವುದು ಕಂಡುಬಂದಿದೆ. ನ್ಯಾಯವಾಗಿ ಹೇಳುವುದಾದರೆ ಬಿಸಿಲುತಡೆಯ ದ್ರವ್ಯಗಳಿಗಿಂತ ಹೆಚ್ಚಿನ ಅಪರಾಧಿಗಳು ಅವುಗಳ ಜೊತೆಗೆ ಬರುವ ಪರಿಮಳಗಳೂ, ಲೇಪ ಕೆಡದಂತೆ ಬೆರೆಸುವ ಸಂರಕ್ಷಕಗಳೂ ಆಗಿವೆ. ಮೀಥೈಲ್‌ಐಸೋಥಯಜೋಲಿನೋನ್ ಎಂಬ ಉಚ್ಚಾರಕ್ಕೇ ದಣಿವಾಗುವ ಸಂರಕ್ಷಕವನ್ನು, ತೊಳೆಯದೆ ಮೈಮೇಲೆ ಉಳಿಸಿಕೊಳ್ಳುವ ಲೇಪಗಳಲ್ಲಿ ಬಳಸಕೂಡದೆಂದು ಐರೋಪ್ಯ ಒಕ್ಕೂಟ 2017ರಲ್ಲಿ ನಿಷೇಧಿಸಿತು. ಸತುವಿನ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್‌ಗಳೆಂಬ ಖನಿಜದ ಪುಡಿಗಳು ಮಾತ್ರ ಅಲರ್ಜಿಯನ್ನು ತರುವುದು ತೀರ ವಿರಳ. ಅವನ್ನು ಹಚ್ಚಿದ ಕಂದು ಮುಖ ಬಯಲಾಟದ ಬಣ್ಣದ ವೇಷದಂತೆ ಬೆಳ್ಳಗಾಗುವುದೊಂದೇ ಕುಂದು.

ಅಪರಾಧಿಯನ್ನು ಹಿಡಿಯುವ ವಿಧಾನವು ಹೊಸದಲ್ಲ. ಯೋಸೆಫ್ ಯಾಡಾಸೋನ್ ಎಂಬ ವೈದ್ಯನು 1895ರಲ್ಲಿಯೇ ತೋರಿಸಿಕೊಟ್ಟದ್ದು ಅದು: ಶಂಕಿತ ದ್ರವ್ಯಗಳನ್ನು ಚಿಕ್ಕಚಿಕ್ಕ ಪಟ್ಟಿಗಳಲ್ಲಿಟ್ಟು ಬೆನ್ನಿಗಂಟಿಸಿ, 48 ಗಂಟೆಗಳ ಮೇಲೆ ತೆಗೆದು ನೋಡಿ, ಇನ್ನೊಂದೆರಡು ದಿನಗಳಾದ ಮೇಲೆ ಮತ್ತೊಮ್ಮೆ ನೋಡುವುದು. ಬೆಳಕಿನ ಅಲರ್ಜಿಯ ಶಂಕೆಯಿದ್ದರೆ ಪಟ್ಟಿಗಳನ್ನು ಎರಡು ಸಾಲಾಗಿ ಹಾಕಿ ಒಂದು ಸಾಲಿಗೆ ಅತಿನೇರಳೆ ಬೆಳಕನ್ನು ಹಾಯಿಸುತ್ತಾರೆ. ಕೇಳುವುದಕ್ಕೆ ಸುಲಭ. ಆದರೆ ಪಟ್ಟಿಯಿರುವಷ್ಟು ಕಾಲ ಬೆನ್ನಿಗೆ ನೀರು ತಾಕಬಾರದು, ಬೆವರಬಾರದು, ಹೊರೆ ಹೊರಬಾರದು. ವಾರವೊಂದರಲ್ಲಿ ಮೂರು ಸಲ ಪಟ್ಟಣಕ್ಕೆ ಬರಬೇಕು. ಈ ಪರೀಕ್ಷೆಯ ಸಕಲ ಸಾಮಗ್ರಿ ಸಿದ್ಧವಿರುವ ಚರ್ಮವಿಭಾಗವನ್ನು ಹುಡುಕಿಕೊಂಡು ಮಂಗಳೂರು, ಮಣಿಪಾಲ ಇಲ್ಲವೆ ಬೆಂಗಳೂರಿಗೆ ಹೋಗಿಬರುವ ಬಸ್ಸಿನ ಖರ್ಚು ಹಾಗಿರಲಿ, ಕುಯ್ಲಿನ ಕಾಲದಲ್ಲಿ ಕೆ.ಜಿ. ಲೆಕ್ಕದ ಕೂಲಿಯಿಂದ ಬಾಳುವ ಹೆಂಗಸು ಮೂರು ದಿನಗಳ ಗಳಿಕೆಯನ್ನೂ ಒಣಗಿದ ಬೆನ್ನನ್ನೂ ಎಲ್ಲಿಂದ ತಂದಾಳು? ನನಗೆ ಅನುಕೂಲವಿತ್ತು, ಹೋದೆ. ಪರಿಮಳದ ಮಿಶ್ರಣಕ್ಕೂ ಬೆಳಕು ಬಿದ್ದ ಸಾಲಿನ ಆಕ್ಸಿಬೆನ್‌ಜೋನಿಗೂ ನನ್ನ ಬೆನ್ನು ಕೆಂಪಾಗಿ ಉತ್ತರ ಕೊಟ್ಟಿತು.

ಆಗ ವೈದ್ಯರು ಬರೆದುಕೊಟ್ಟ ಔಷಧಿ ವಿಚಿತ್ರವಾದದ್ದು. ನುಂಗುವ ಗುಳಿಗೆಯಲ್ಲ, ನಾಲ್ಕು ಹೆಸರುಗಳುಳ್ಳ ಒಂದು ಚೀಟಿ. ಈ ಹೆಸರುಗಳಿರುವ ಯಾವುದನ್ನೂ ಮುಟ್ಟಬೇಡಿ ಎಂದರು. ಸ್ಪರ್ಶದ ಅಲರ್ಜಿಯನ್ನು ಬೇರುಸಹಿತ ಕೀಳುವ ಮದ್ದು ಇಲ್ಲ. ದೂರವಿರುವುದೇ ಚಿಕಿತ್ಸೆ, ದೂರವಿರಬೇಕಾದರೆ ಹೆಸರು ತಿಳಿದಿರಬೇಕು. ಆದ್ದರಿಂದ ಡಬ್ಬಿಯ ಮೇಲೆ ದ್ರವ್ಯದ ಹೆಸರನ್ನು ಮರೆಮಾಡುವುದೆಂದರೆ ಈ ರೋಗಿಯ ಪಾಲಿಗೆ ಮದ್ದನ್ನೇ ಮುಚ್ಚಿಟ್ಟಂತೆ.

ಮಲೆನಾಡಿನವರಿಗೆ ಈ ಮಾತನ್ನು ನಾನು ಹೇಳಿಕೊಡಬೇಕಾಗಿಲ್ಲ. ಹೊಳೆಗೇರಿನ ಮರದ ಸೊನೆ ತಾಗಿದರೆ ಮೈಯೆಲ್ಲ ಬೊಕ್ಕೆಯೇಳುವುದನ್ನು ಕಾಡಿನಲ್ಲಿ ಸೌದೆ ಕಡಿದವರೆಲ್ಲ ಬಲ್ಲರು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ರಸದಿಂದ ಹಿಂದೂಸ್ಥಾನಕ್ಕೆ ಬಂದಿದ್ದ ಅಮೆರಿಕದ ಸೈನಿಕರ ಚರ್ಮ ಉರಿಯೆದ್ದದ್ದನ್ನು ಅವರ ವೈದ್ಯರು 1943ರಲ್ಲಿಯೇ ವರ್ಣಿಸಿ ಬರೆದಿದ್ದಾರೆ. ಘಟ್ಟದ ಕೆಳಗಿನ ಕೇರಳದಲ್ಲಿ, ಚೇರು ಎಂಬ ಇಂಥದೇ ಮರದಿಂದ ಬಂದ ಬಾಧೆಯನ್ನು ತಾರೆಯ ಮರಕ್ಕೆ ಪ್ರದಕ್ಷಿಣೆ ಬಂದು ಕಳೆದುಕೊಳ್ಳಬಹುದೆಂಬ ನಂಬಿಕೆಯುಂಟು. ಪ್ರದಕ್ಷಿಣೆಯಿಂದ ತುರಿಕೆ ಶಮನವಾಗುವುದೋ ಇಲ್ಲವೋ, ಆ ನಂಬಿಕೆಯ ಹಿಂದೆ ಒಂದು ವಿವೇಕವಂತೂ ಇದೆ: ಅಲ್ಲಿ ಅಪರಾಧಿಗೆ ಹೆಸರಿದೆ, ನೆಲೆಯಿದೆ, ಎಲೆಯನ್ನು ನೋಡಿ ದೂರ ಸರಿಯುವ ಅವಕಾಶವಿದೆ. ಗಿಡಮರದಿಂದ ಬಂದದ್ದೆಲ್ಲ ಸಾಧುವಲ್ಲವೆಂದು ಇಷ್ಟು ಸ್ಪಷ್ಟವಾಗಿ ಬಲ್ಲ ಜನರೇ, ಸೀಸೆಯ ಮೇಲೆ ‘ಹರ್ಬಲ್’ ಎಂಬ ಎಲೆಯ ಚಿತ್ರ ಕಂಡೊಡನೆ ಆ ಜ್ಞಾನವನ್ನೆಲ್ಲ ಮನೆಯಲ್ಲಿ ಬಿಟ್ಟುಬಂದವರಂತೆ ವರ್ತಿಸುವುದು ನನಗೆ ಇಂದಿಗೂ ಬಗೆಹರಿಯದ ಸಂಗತಿ. ಕನ್ನಡ ನಾಡಿಗೆ ಕೀರ್ತಿ ತಂದ ಶ್ರೀಗಂಧದ ಎಣ್ಣೆಯೂ ಮಲ್ಲಿಗೆಯ ಸಾರವೂ, ಲೇಬಲಿನಲ್ಲಿ ಹೆಸರಿಸಲೇಬೇಕಾದ ಅಲರ್ಜಿಕಾರಕಗಳೆಂದು ಐರೋಪ್ಯ ಒಕ್ಕೂಟವು 2023ರಲ್ಲಿ ವಿಸ್ತರಿಸಿದ ಪಟ್ಟಿಯಲ್ಲಿ ಸೇರಿವೆ. ಇದು ಗಂಧಕ್ಕೆ ಅವಮಾನವಲ್ಲ. ನೂರಾರು ಜನ ಸುಖವಾಗಿ ಪೂಸಿಕೊಳ್ಳುವುದು ಒಬ್ಬನಿಗೆ ಆಗಿಬರದಿರಬಹುದು. ಆ ಒಬ್ಬನಿಗೆ ತಿಳಿಯುವಂತಿರಬೇಕು, ಅಷ್ಟೆ.

ನಿದಾನವನ್ನು ದಿಕ್ಕುಗೆಡಿಸುವ ಇನ್ನೊಂದು ಗಿಡವನ್ನೂ ಇಲ್ಲಿ ನೆನೆಯಬೇಕು. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗುರುತಿಸಲ್ಪಟ್ಟು, ನಮ್ಮ ರಸ್ತೆಬದಿಗಳನ್ನೆಲ್ಲ ಆಕ್ರಮಿಸಿದ ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ, ಗಾಳಿಯಲ್ಲಿ ತೂರಿಬಂದ ತನ್ನ ಕಣಗಳಿಂದಲೇ ಮುಖ, ಕುತ್ತಿಗೆ, ಮೊಣಕೈಯ ಮಡಿಕೆಗಳಲ್ಲಿ ಇಸುಬು ಎಬ್ಬಿಸುತ್ತದೆ. ಬಟ್ಟೆ ಮುಚ್ಚದ ಭಾಗಗಳಲ್ಲೇ ಕಾಣುವುದರಿಂದ ಅದು ಬಿಸಿಲಿನ ರೋಗವೆಂದೇ ತೋರುತ್ತದೆ. ಕೆಲವರಲ್ಲಿ ಕಾಲಕ್ರಮದಲ್ಲಿ ನಿಜವಾಗಿಯೂ ಬೆಳಕು ಸಹಿಸದ ಸ್ಥಿತಿಗೆ ತಿರುಗುತ್ತದೆ. ಅಂಥವನಿಗೆ ಬಿಸಿಲುತಡೆಯ ಲೇಪ ಕೊಟ್ಟು, ಅದರಲ್ಲಿನ ಪರಿಮಳವೂ ಒಗ್ಗದೆ ಹೋದರೆ, ಮೂರು ಅಪರಾಧಿಗಳು ಒಂದೇ ಮುಖದ ಮೇಲೆ ಸೇರಿಬಿಡುತ್ತಾರೆ. ಇಷ್ಟರ ನಡುವೆ ಔಷಧದಂಗಡಿಯ ಗಲ್ಲೆಯಿಂದ ಸ್ಟೆರಾಯ್ಡ್ ಬೆರೆತ ಮುಲಾಮು ಸುಲಭವಾಗಿ ಕೈಗೆ ಬಂದು, ನಾಲ್ಕು ದಿನ ಕೆಂಪನ್ನು ಅಡಗಿಸಿ, ಚರ್ಮವನ್ನು ತೆಳ್ಳಗಾಗಿಸಿ, ಮೂಲ ಕಾರಣವನ್ನು ಇನ್ನಷ್ಟು ಆಳಕ್ಕೆ ಹೂಳುತ್ತದೆ. ಇಂಥ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ 14 ಸ್ಟೆರಾಯ್ಡುಗಳನ್ನು ಎಚ್ ಅನುಸೂಚಿಗೆ ಬಿಗಿಯಾಗಿ ಒಳಪಡಿಸಿತೇನೋ ನಿಜ. ಹಳ್ಳಿಯ ಗಲ್ಲೆ ಆ ಅನುಸೂಚಿಯನ್ನು ಓದಿದಂತೆ ಕಾಣುವುದಿಲ್ಲ.

ಈಗ ಕಾನೂನಿನ ಮಾತು. ತೋಟಕ್ಕೆ ತರುವ ಗೊಬ್ಬರದ ಚೀಲದ ಮೇಲೆ 17:17:17 ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿರುತ್ತದೆ; ಕಾಫಿಗಿಡದ ಬುಡಕ್ಕೆ ಎಷ್ಟು ಸಾರಜನಕ, ಎಷ್ಟು ರಂಜಕ, ಎಷ್ಟು ಪೊಟ್ಯಾಷ್ ಬೀಳುತ್ತದೆಂಬುದು ನಮ್ಮ ಮೇಸ್ತ್ರಿಗೂ ಬಾಯಿಪಾಠ. ಕೀಟನಾಶಕದ ಡಬ್ಬಿಗೆ 1968ರ ಕಾಯಿದೆಯೂ 1971ರ ನಿಯಮಗಳೂ ಇವೆ. ಅದರ ವಿಷದ ಮಟ್ಟವನ್ನು ಬಣ್ಣದ ತ್ರಿಕೋನ ಸಾರಬೇಕು, ಅದರ ಲೇಬಲು ಪ್ರಾದೇಶಿಕ ಭಾಷೆಯಲ್ಲಿಯೂ ಮಾತನಾಡಬೇಕು. ಮುಖಲೇಪಕ್ಕಾದರೋ 1940ರ ಔಷಧ ಮತ್ತು ಪ್ರಸಾಧನ ಕಾಯಿದೆಯ ಕೆಳಗೆ 2020ರ ಪ್ರಸಾಧನ ನಿಯಮಗಳುಂಟು. ದ್ರವ್ಯಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಪಟ್ಟಿಮಾಡಬೇಕೆಂದು ಅವು ವಿಧಿಸುತ್ತವೆ, ಒಳ್ಳೆಯದು. ಆದರೆ 60 ಮಿ.ಲೀ.ಗಿಂತ ಕಡಮೆಯ ದ್ರವಗಳಿಗೂ 30 ಗ್ರಾಮಿಗಿಂತ ಕಡಮೆಯ ಘನ, ಅರೆಘನಗಳಿಗೂ ಆ ಪಟ್ಟಿಯಿಂದ ವಿನಾಯಿತಿ. ನಗರದ ಸಿರಿವಂತ ಕೊಳ್ಳುವ ದೊಡ್ಡ ಸೀಸೆಗೆ ಪಟ್ಟಿ. ಸಂತೆಯ ದಿನ ಕೂಲಿಯ ಹೆಂಗಸು ಕೊಳ್ಳುವ ಚಿಕ್ಕ ಟ್ಯೂಬಿಗೆ ಮೌನ. ಪಟ್ಟಿಯಿರುವಲ್ಲಿಯೂ ‘ಪರ್ಫ್ಯೂಮ್’ ಎಂಬ ಒಂದೇ ಪದದ ಮುಸುಕಿನಡಿಯಲ್ಲಿ ಹತ್ತಾರು ದ್ರವ್ಯಗಳು ಅಡಗಿ ಕುಳಿತುಕೊಳ್ಳಬಹುದು. ಕಾಫಿಯ ಎಲೆಗೆ ಸಿಂಪಡಿಸುವುದರ ಬಗ್ಗೆ ಇರುವ ಎಚ್ಚರ ಕಾಫಿ ಕುಯ್ಯುವವಳ ಕೆನ್ನೆಗೆ ಹಚ್ಚುವುದರ ಬಗ್ಗೆ ಇಲ್ಲವೆಂಬುದನ್ನು ಒಪ್ಪಿಕೊಳ್ಳುವುದು ನನಗೆ ಸಾಧ್ಯವಾಗಿಲ್ಲ.

ಪರಿಮಳದ ಸೂತ್ರ ವ್ಯಾಪಾರದ ಗುಟ್ಟು, ಅದನ್ನು ಬಯಲುಮಾಡಿದರೆ ಉದ್ಯಮ ಕೆಡುತ್ತದೆ ಎಂದು ತಯಾರಕರು ವಾದಿಸುವುದುಂಟು. ಆ ವಾದಕ್ಕೆ ಬೆಲೆಯಿಲ್ಲವೆನ್ನಲಾರೆ. ಆದರೆ ಯುರೋಪಿನ ನಿಯಮ ಕೇಳುವುದು ಸೂತ್ರವನ್ನಲ್ಲ. ಅಲರ್ಜಿ ತರುವುದೆಂದು ತಿಳಿದಿರುವ ದ್ರವ್ಯ, ಮೈಮೇಲೆ ಉಳಿಯುವ ಲೇಪದಲ್ಲಿ ಶೇ. 0.001ನ್ನೂ ತೊಳೆಯುವ ಸಾಬೂನಿನಂಥವುಗಳಲ್ಲಿ ಶೇ. 0.01ನ್ನೂ ಮೀರಿದರೆ ಅದರ ಹೆಸರನ್ನು ಮಾತ್ರ ಹೇಳು ಎನ್ನುತ್ತದೆ. 2005ರಲ್ಲಿ 26 ಹೆಸರುಗಳೊಂದಿಗೆ ಮೊದಲಾದ ಈ ಕಟ್ಟಳೆ ಅಲ್ಲಿ ನಡೆದುಬಂದಿದೆ. ಅತ್ತರಿನ ವ್ಯಾಪಾರ ಪ್ಯಾರಿಸಿನಲ್ಲಿ ಮುಳುಗಿಹೋಗಲಿಲ್ಲ. ಇಂಥ ಕ್ಲಿಷ್ಟ ಹೆಸರುಗಳು ಹಳ್ಳಿಗರಿಗೆ ಅರ್ಥವಾಗವೆಂಬ ಮತ್ತೊಂದು ಆಕ್ಷೇಪಣೆಯಲ್ಲಿ ನಾಗರಿಕರ ಅಹಂಕಾರವೇ ಹೆಚ್ಚು. ಅರ್ಥವಾಗಬೇಕಾಗಿಲ್ಲ, ಚೀಟಿಯ ಅಕ್ಷರಕ್ಕೂ ಡಬ್ಬಿಯ ಅಕ್ಷರಕ್ಕೂ ತಾಳೆ ನೋಡಿದರೆ ಸಾಕು. ಆ ಅಕ್ಷರ ಕನ್ನಡದ್ದಾಗಿದ್ದರೆ ತಾಳೆ ನೋಡುವ ಕೆಲಸ ಮೂರನೆಯ ತರಗತಿಯ ಮಗುವಿನದು. ಸಣ್ಣ ಟ್ಯೂಬಿನ ಮೈಮೇಲೆ ಸ್ಥಳವಿಲ್ಲವೆಂದಾದರೆ ಅದನ್ನಿಡುವ ರಟ್ಟಿನ ಪೆಟ್ಟಿಗೆಯ ಒಳಮೈ ಖಾಲಿಯೇ ಇರುತ್ತದೆ. ಪರೀಕ್ಷೆಯ ಪಟ್ಟಿಗಳನ್ನು ಜಿಲ್ಲಾ ಆಸ್ಪತ್ರೆಗಳ ಮಟ್ಟಕ್ಕೆ ತರುವುದೂ, ಕುಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು ಅದಕ್ಕೆ ದಿನ ಗೊತ್ತುಮಾಡುವುದೂ ಬ್ರಹ್ಮವಿದ್ಯೆಯೇನಲ್ಲ.

ಅದೆಲ್ಲ ಆಗುವವರೆಗೆ ನನ್ನಂಥವರು ನಡೆಸುವ ಬಾಳು ಹೀಗಿದೆ: ಹೊಸದಾಗಿ ತಂದ ಯಾವುದನ್ನಾದರೂ ಮೊಣಕೈಯ ಒಳಮಡಿಕೆಯಲ್ಲಿ ಒಂದು ಕಾಸಿನಗಲ ದಿನಕ್ಕೆರಡು ಸಲ ಹಚ್ಚಿ, ಒಂದೆರಡು ವಾರ ಕಾದು, ಏನೂ ಆಗದಿದ್ದರೆ ಮಾತ್ರ ಮುಖಕ್ಕೇರಿಸುವುದು, ಮದುವೆಮನೆಯಲ್ಲಿ ಪನ್ನೀರು ಎರಚುವವರ ಕಡೆಗೆ ಬೆನ್ನು ತಿರುಗಿಸಿ ಒರಟನೆನ್ನಿಸಿಕೊಳ್ಳುವುದು, ಹತ್ತರಿಂದ ಮೂರು ಗಂಟೆಯವರೆಗೆ ಕಣದ ಕೆಲಸವನ್ನು ಆದಷ್ಟು ತಪ್ಪಿಸುವುದು. ತೋಟದ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ವಸ್ತ್ರ ಸುತ್ತಿ ಕೆಲಸಕ್ಕೆ ಬರುವುದನ್ನು ಕಂಡು ಒಂದು ಕಾಲದಲ್ಲಿ ನಾನು ನಕ್ಕದ್ದುಂಟು. ಈಗ ನನ್ನದೂ ಅದೇ ವೇಷ.

ಕಳೆದ ವಾರ ಪೇಟೆಯಲ್ಲಿ ಅಂಗಡಿಯವನ ಮುಂದೆ ಚೀಟಿ ಬಿಚ್ಚಿ, ಅವನು ಕೊಟ್ಟ 20 ಗ್ರಾಮಿನ ಟ್ಯೂಬನ್ನು ಭೂತಗನ್ನಡಿ ಹಿಡಿದು ಹಿಂದೆ ಮುಂದೆ ಹೊರಳಿಸಿದೆ. ಬೆಲೆಯಿತ್ತು, ತಯಾರಾದ ತಿಂಗಳಿತ್ತು, ನಗುವ ಹುಡುಗಿಯ ಚಿತ್ರವಿತ್ತು. ಪಕ್ಕದಲ್ಲಿ ಕಳೆನಾಶಕ ಕೊಳ್ಳುತ್ತಿದ್ದ ರೈತನೊಬ್ಬ ತನ್ನ ಡಬ್ಬಿಯ ಮೇಲಿನ ಕನ್ನಡವನ್ನು ಸ್ಪಷ್ಟವಾಗಿ, ಗಟ್ಟಿಯಾಗಿ ಓದುತ್ತಿದ್ದನು. ನಾನು ಟ್ಯೂಬನ್ನು ಗಲ್ಲೆಯ ಮೇಲಿಟ್ಟು, ಎದುರಿನ ಅಂಗಡಿಯಲ್ಲಿ ಅಗಲವಾದ ಅಂಚಿನದೊಂದು ಟೋಪಿ ಕೊಂಡು ಬಸ್ಸು ಹತ್ತಿದೆ.